ಇಂದಿನ ಚಿಂತನೆ: ರಥ ಯಾವುದು?



ಘೋಡಗೇರಿಯಲ್ಲಿ ನನ್ನ ಹಳೇ ಬೆಂಜ್ ಕಾರು ಕಂಡವರು, "ಬೌದ್ಧರಿಗೆ ಇದರ ಮೋಹ ಯಾಕ್ರೀ?" ಅಂತಾರೆ. ಅದಕ್ಕೂ ವಯಸ್ಸಾಗಿದೆ, ಏಸಿ ಇಲ್ಲ, ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರಲ್ಲ.

1901ರಲ್ಲಿ ಮಸೂರ ಸ್ಟೇಷನ್ನಿನಲ್ಲಿ ಬಾಲಕ ಭೀಮರಾವ್ ಮತ್ತು ಜೊತೆಯ ಮಕ್ಕಳು ಅಸ್ಪೃಶ್ಯರೆಂದು ತಿಳಿದೊಡನೆ ಚಕ್ಕಡಿಯವರು ಹಿಂದೆ ಸರಿದರು. ಕೊನೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ. ಆದರೆ ಚಕ್ಕಡಿ ಹೊಡೆಯಬೇಕಾದವರು ಮಕ್ಕಳೇ. ಅವ ಪಕ್ಕದಲ್ಲಿ ನಡೆದ. ಅದನ್ನು ಓದಿದ ಮೇಲೆ ಸ್ಟೇರಿಂಗ್ ಹಿಡಿಯುವುದು ನನಗೆ ಬರೀ ಶೋಕಿ ಅಲ್ಲ.

ಆದರೂ ಮೊನ್ನೆ ಹುಡುಗನೊಬ್ಬ ಬಾನೆಟ್ಟಿಗೆ ಗೀರು ಎಳೆದಾಗ ಕೈ ಎತ್ತಿಬಿಟ್ಟೆ. ಗಾಲಿ, ಅಚ್ಚು, ನೊಗ ಇವುಗಳಲ್ಲಿ ರಥ ಯಾವುದೆಂದು ಭಂತೆ ನಾಗಸೇನರು ರಾಜ ಮಿಲಿಂದನನ್ನು ಕೇಳಿದ್ದು ನೆನಪಾಯಿತು. ಗೀರು ಬಿದ್ದದ್ದು ತಗಡಿಗೆ. ಕೈ ಇಳಿಸಿದೆ.

ಹುಡುಗನನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿಸಿದೆ. ಇಳಿಯುವಾಗ ಬಾಗಿಲು ಹೊರಗಿನಿಂದ ನಾನೇ ತೆಗೆದೆ.