ರೋಬೋಟ್ ಆಪರೇಷನ್ನಿಗೆ ತೋಟ ಮಾರಬೇಕೆ?

ಪ್ರಶ್ನೆ: ಕಾಮಸಮುದ್ರದ ಪಕ್ಕದ ಹಳ್ಳಿ ನಮ್ಮದು. 26 ವರ್ಷದ ಮಗ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ. ಅಲ್ಸರೇಟಿವ್ ಕೊಲೈಟಿಸ್ ಅಂತೆ. ಮಲದಲ್ಲಿ ರಕ್ತ, ಸ್ಟೀರಾಯ್ಡ್ ಕಮ್ಮಿ ಮಾಡಿದರೆ ಮತ್ತೆ ಶುರು. ದೊಡ್ಡ ಕರುಳನ್ನೇ ತೆಗೆಯಬೇಕು, ರೋಬೋಟ್‌ನಲ್ಲಿ ಮಾಡಿಸಿ ಎಂದಿದ್ದಾರೆ. ಮಧ್ಯದಲ್ಲಿ ಯಂತ್ರ ಕೆಟ್ಟರೆ? ಯಜಮಾನರು ಮಾವಿನ ತೋಟ ಮಾರೋಣ ಅಂತಾರೆ. ಹೊಟ್ಟೆಗೆ ಚೀಲ ಹಾಕಿದ ಹುಡುಗನಿಗೆ ಹೆಣ್ಣು ಕೊಡುವವರು ಯಾರು?

ಉತ್ತರ: ಅಮ್ಮಾ, ತೋಟ ಸದ್ಯಕ್ಕೆ ಇರಲಿ. ಆಪರೇಷನ್ ಬೇಕೇ ಎನ್ನುವುದು ಒಂದು ಪ್ರಶ್ನೆ, ರೋಬೋಟ್ ಬೇಕೇ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಬಿಲ್ಲಿಗೆ ಸೇರಿಸಿ ಹೇಳಿದಾಗಲೇ ಜನ ಜಮೀನು ಕಳೆದುಕೊಳ್ಳುವುದು.

ಇಮ್ಯೂನಿಟಿ ತಗ್ಗಿಸುವ ಮಾತ್ರೆ, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆಯೇ? ಕರುಳಿನ ಟಿಬಿ, ಕ್ರೋನ್ಸ್ ಕಾಯಿಲೆ ಅಲ್ಲವೆಂದು ಖಚಿತ ಮಾಡಿಕೊಂಡಿದ್ದಾರೆಯೇ? ಬಯಾಪ್ಸಿ ರಿಪೋರ್ಟ್ ಹಿಡಿದು ಇನ್ನೊಬ್ಬ ಕರುಳಿನ ತಜ್ಞರನ್ನು ಕಾಣಿ. ಎಲ್ಲ ಔಷಧಿಯೂ ಸೋತಿದ್ದರೆ ಆಪರೇಷನ್ನಿಗೆ ಹೆದರಬೇಡಿ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವುದು ಅದಕ್ಕಿಂತ ಕೆಟ್ಟದ್ದು.

ರೋಬೋಟ್ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಪಕ್ಕದಲ್ಲಿ ಕೂತ ಸರ್ಜನ್ ಕೈ ಆಡಿಸಿದಂತೆ ಅದರ ತೋಳು ಆಡುತ್ತದೆ, ಅಷ್ಟೆ. ಕೆಟ್ಟರೆ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲೋ ಹೊಟ್ಟೆ ತೆರೆದೋ ಮುಗಿಸುತ್ತಾರೆ. ದೊಡ್ಡ ಕರುಳಿನ ಕೊನೆಯ ಗುದನಾಳ ಬಿಡಿಸುವಾಗ ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ ಅದು ಅನುಕೂಲ, ನಿಜ. ಆದರೆ 2017ರಲ್ಲಿ ಪ್ರಕಟವಾದ, 471 ಗುದನಾಳದ ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ ಲ್ಯಾಪರೋಸ್ಕೋಪಿಗಿಂತ ಅದು ಖಚಿತವಾಗಿ ಮೇಲೆಂದು ಸಾಬೀತಾಗಲಿಲ್ಲ. ಕಾಯಿಲೆ ಬೇರೆ, ಕೊಯ್ಯುವ ಜಾಗ ಅದೇ. ಹಾಗಾಗಿ ಯಂತ್ರದ ಹೆಸರು ಕೇಳುವ ಬದಲು, ಈ ಆಪರೇಷನ್ನನ್ನೇ ಎಷ್ಟು ಮಾಡಿದ್ದೀರಿ ಎಂದು ಸರ್ಜನ್‌ರನ್ನು ಕೇಳಿ. ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಬೇಡಿ.

ಬಿಪಿಎಲ್ ಕಾರ್ಡಿದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ನೆರವು ಇದೆ. ಹಾಲಿನ ಡೇರಿಯ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ವಿಚಾರಿಸಿ. ಯಾವುದಕ್ಕೆ ದುಡ್ಡು ಬರುತ್ತದೆ, ರೋಬೋಟಿನ ಹೆಚ್ಚುವರಿ ಖರ್ಚು ಯಾರ ತಲೆಗೆ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಬರೆಸಿಕೊಳ್ಳಿ.

ಇನ್ನು ಚೀಲ. ಇವನ ವಯಸ್ಸಿನವರಿಗೆ ಸಾಮಾನ್ಯವಾಗಿ ಸಣ್ಣ ಕರುಳಿನ ತುದಿಯಿಂದಲೇ ಒಳಗೊಂದು ಸಂಚಿ ಹೊಲಿದು ಗುದದ್ವಾರಕ್ಕೆ ಕೂಡಿಸುತ್ತಾರೆ. 1978ರಿಂದ ಬಂದ ಪದ್ಧತಿ. ಎರಡೋ ಮೂರೋ ಹಂತದಲ್ಲಿ ನಡೆಯುತ್ತದೆ. ಹೊರಗಿನ ಚೀಲ ನಡುವಿನ ಕೆಲವು ತಿಂಗಳ ಮಾತು. ಆಮೇಲೂ ದಿನಕ್ಕೆ ಐದಾರು ಸಲ ಹೋಗಬೇಕಾದೀತು, ಆದರೆ ರೈಲಿನಲ್ಲಿ ನಿಂತು ಕಾಲು ಬಿಗಿಹಿಡಿಯುವ ಅವಸರ ಬಹಳ ಮಟ್ಟಿಗೆ ತಪ್ಪುತ್ತದೆ. ಚೀಲ ಕಾಯಂ ಆದರೂ ಮದುವೆ, ಕೆಲಸ ಎರಡೂ ಆಗುತ್ತವೆ. ಆಪರೇಷನ್ನಿನಲ್ಲಿ ಗುದನಾಳದ ಪಕ್ಕದ ನರಗಳಿಗೆ ಪೆಟ್ಟಾದರೆ ಗಂಡಸುತನಕ್ಕೆ ತೊಂದರೆಯಾಗುವ ಸಂಭವ ಸ್ವಲ್ಪ ಇದೆ. ಅದನ್ನು ಅವನೇ ಡಾಕ್ಟರ ಹತ್ತಿರ ಕೇಳಲಿ, ನೀವು ಹೊರಗಿರಿ.

ಸ್ಟೀರಾಯ್ಡ್ ತಟ್ಟನೆ ನಿಲ್ಲಿಸಕೂಡದು. ಜ್ವರ, ಹೊಟ್ಟೆ ಉಬ್ಬರ, ಧಾರಾಕಾರ ರಕ್ತ ಕಂಡರೆ ಡಾಕ್ಟರು ಕೊಟ್ಟ ತಾರೀಕಿಗೆ ಕಾಯದೆ ಕೋಲಾರದ ಜಿಲ್ಲಾಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಅವತ್ತೇ ಕರೆದುಕೊಂಡು ಹೋಗಿ.