ಸಂದರ್ಶನಕ್ಕೆ ಮುನ್ನ ಲೆವೆಲ್ ಕೇಳಿ

ಸಾಫ್ಟ್‌ವೇರ್ ಕಂಪನಿಯಿಂದ ಸಂದರ್ಶನದ ಕರೆ ಬಂತೇ? ಓದಲು ಕೂರುವ ಮೊದಲು, ಹುದ್ದೆ ಯಾವ ಲೆವೆಲ್‌ನದು ಎಂದು ರಿಕ್ರೂಟರ್‌ ಅವರನ್ನು ಕೇಳಿ. ಸಂಕೋಚ ಬೇಡ.

ಗೂಗಲ್‌ನಲ್ಲಿ ಹೊಸಬರು ಸೇರುವುದು ಎಲ್‌3ಗೆ, ಮೆಟಾದಲ್ಲಿ ಇ3ಗೆ. ಅಮೆಜಾನ್‌ನಲ್ಲಿ ಹೊಸಬರ ಹುದ್ದೆಯೇ ಎಲ್‌4. ಅಂಕಿ ದೊಡ್ಡದಾದ ಮಾತ್ರಕ್ಕೆ ಹುದ್ದೆ ದೊಡ್ಡದಾಗದು. ಈ ಹಂತದಲ್ಲಿ ಮುಖ್ಯವಾಗಿ ಒರೆಗೆ ಹಚ್ಚುವುದು ಕೋಡಿಂಗನ್ನು: ಅರೇ, ಹ್ಯಾಶ್‌ಮ್ಯಾಪ್, ಟ್ರೀ, ಗ್ರಾಫ್. ಕೋಟಿ ಜನ ಬಳಸುವ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳುವ ಸಿಸ್ಟಂ ಡಿಸೈನ್ ಸುತ್ತು ಸಾಮಾನ್ಯವಾಗಿ ಅನುಭವಸ್ಥರಿಗೆ. ಎಷ್ಟೋ ಮಕ್ಕಳು ಅದಕ್ಕೇ ತಿಂಗಳುಗಟ್ಟಲೆ ಸವೆಸಿ, ಸಂದರ್ಶನದ ದಿನ ಒಂದು ಬಿಎಫ್‌ಎಸ್ ಬರೆಯಲು ತಡವರಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಬರೆಯಿರಿ. ಇನ್‌ಪುಟ್ ಖಾಲಿ ಬಂದರೆ ಏನಾಗಬೇಕು ಎಂದು ಮೊದಲೇ ಕೇಳಿ. ಸರಳ ಉತ್ತರ ಬರೆದು, ಆಮೇಲೆ ಅದರ ವೇಗ ಹೆಚ್ಚಿಸಿ. ಸುಳಿವು ಕೊಟ್ಟರೆ ಬಿಡದೆ ಹಿಡಿದುಕೊಳ್ಳಿ. ಹೊಸಬರಲ್ಲಿ ಕಲಿಯುವ ಗುಣವನ್ನೂ ನೋಡುತ್ತಾರೆ.

ಒಂದೆರಡು ವರ್ಷ ಬೇರೆಡೆ ದುಡಿದವರಿಗೂ ಮೊದಲ ಹಂತದ ಆಫರ್ ಬರುವುದುಂಟು. ಅವಮಾನವೆಂದುಕೊಳ್ಳಬೇಡಿ. ಆದರೆ ಸಂಬಳದ ಮಿತಿ ಲೆವೆಲ್‌ಗೆ ಅಂಟಿಕೊಂಡಿರುತ್ತದೆ. ಸಹಿ ಹಾಕುವ ಮುನ್ನ, ಮುಂದಿನ ಬಡ್ತಿಗೆ ಏನೇನು ನೋಡುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ.