ಬಣ್ಣ ಹಾಕಿದ ಪ್ರಾಸ್ಟೇಟ್ ಸ್ಲೈಡ್‌ಗಳ ಇನ್‌ಫ್ರಾರೆಡ್ ಚಿತ್ರಣ: ಮಾಡಬೇಕಾದ್ದು, ಮಾಡಬಾರದ್ದು

ಹೆಮಾಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸಿದ ಪ್ರಾಸ್ಟೇಟ್ ಅಂಗಾಂಶವನ್ನು ಇನ್‌ಫ್ರಾರೆಡ್ ಸೂಕ್ಷ್ಮದರ್ಶಕಕ್ಕೆ ಇಡುವವರೆಲ್ಲ ಇದನ್ನು ಓದಿಯೇ ಕೆಲಸ ಶುರು ಮಾಡಬೇಕು. ಬಯಾಪ್ಸಿಯಲ್ಲಿ ಸಿಗುವುದು ಎಳೆಯಷ್ಟು ಅಂಗಾಂಶ. ಹಾಳು ಮಾಡಿದರೆ ಮತ್ತೊಂದು ಎಳೆಗಾಗಿ ಆ ಮನುಷ್ಯನನ್ನೇ ಮತ್ತೆ ಚುಚ್ಚಬೇಕಾದೀತು.

ಸ್ಲೈಡ್ ಮುಟ್ಟುವ ಮುನ್ನ

ಪೆಥಾಲಜಿ ವಿಭಾಗದ ಲಿಖಿತ ಒಪ್ಪಿಗೆಯಿಲ್ಲದೆ ಕವರ್‌ಸ್ಲಿಪ್ ತೆಗೆಯಕೂಡದು. ತೆಗೆಯುವ ಮೊದಲು ಇಡೀ ಸ್ಲೈಡನ್ನು ಸಾಮಾನ್ಯ ಬೆಳಕಿನಲ್ಲಿ ಸ್ಕ್ಯಾನ್ ಮಾಡಿಡಿ. ಫ್ಯೂಮ್ ಹುಡ್ ಒಳಗೆ ಕ್ಸೈಲೀನ್‌ನಲ್ಲಿ ನೆನೆಹಾಕಿ, ಕವರ್‌ಸ್ಲಿಪ್ ತಾನಾಗಿ ಜಾರುವವರೆಗೆ ಕಾಯಿರಿ. ಹಳೆಯ ಸ್ಲೈಡಾದರೆ ದಿನಗಟ್ಟಲೆ ಹಿಡಿಯಬಹುದು. ಬ್ಲೇಡ್ ತೂರಿಸಿ ಎಬ್ಬಬೇಡಿ. ಕವರ್‌ಸ್ಲಿಪ್ ಕೂರಿಸಿದ ಅಂಟು ಪೂರ್ತಿ ತೊಳೆದುಹೋಗಬೇಕು. ಚೂರು ಉಳಿದರೂ ಅದರ ರೋಹಿತ ಅಂಗಾಂಶದ ರೋಹಿತದೊಳಗೆ ಸೇರಿಕೊಳ್ಳುತ್ತದೆ.

ಅಳೆಯುವಾಗ

ಗಾಜಿನ ಮಿತಿ ಮರೆಯಬೇಡಿ. ಸುಮಾರು 2,000 ಸೆಂ.ಮೀ.⁻¹ಗಿಂತ ಕೆಳಗಿನ ಇನ್‌ಫ್ರಾರೆಡ್ ಬೆಳಕನ್ನು ಸ್ಲೈಡಿನ ಗಾಜು ನುಂಗಿಬಿಡುತ್ತದೆ. 1,650ರ ಅಮೈಡ್ ಒಂದು, 1,545ರ ಅಮೈಡ್ ಎರಡು, 1,080ರ ಫಾಸ್ಫೇಟ್ ಎಲ್ಲವೂ ಇರುವುದು ಅಲ್ಲೇ. ಸಾಫ್ಟ್‌ವೇರ್ ಅಲ್ಲಿ ಏನೇ ಗೆರೆ ತೋರಿಸಲಿ, ಲೆಕ್ಕಕ್ಕೆ ಹಿಡಿಯಬೇಡಿ. ಕೈಗೆ ಸಿಗುವುದು 2,500ರಿಂದ ಮೇಲಿನ ಸಿ–ಹೆಚ್, ಎನ್–ಹೆಚ್ ಪಟ್ಟಿಗಳು ಮಾತ್ರ.

2,850 ಮತ್ತು 2,920ರ ಶಿಖರ ಕಂಡೊಡನೆ ‘ಕೊಬ್ಬು ಹೆಚ್ಚಿದೆ’ ಎಂದು ಬರೆಯಬಾರದು. ಆಲ್ಕೋಹಾಲ್, ಕ್ಸೈಲೀನ್‌ನಲ್ಲಿ ಹಾದುಬಂದ ಅಂಗಾಂಶದ ಕೊಬ್ಬು ಬಹುಪಾಲು ಆಗಲೇ ಹೋಗಿರುತ್ತದೆ. ಉಳಿದ ಪ್ಯಾರಾಫಿನ್ ಕೂಡ ಅದೇ ಜಾಗದಲ್ಲಿ ಶಿಖರ ಕೊಡುತ್ತದೆ.

ಹಿನ್ನೆಲೆಯನ್ನು ಅದೇ ಸ್ಲೈಡಿನ ಖಾಲಿ ಗಾಜಿನಲ್ಲಿ ಅಳೆಯಿರಿ. ಉಪಕರಣದೊಳಗೆ ಒಣ ಗಾಳಿ ಹಾಯಿಸಿ. ಡಿಟೆಕ್ಟರ್‌ನ ದ್ರವ ಸಾರಜನಕ ನಡುವೆ ಬತ್ತಲು ಬಿಡಬೇಡಿ.

ವರ್ಗೀಕರಣಕ್ಕೆ ಕೂತಾಗ

ರೋಹಿತ ನೋಡಿ ಅಂಗಾಂಶದ ಬಗೆ ಗುರುತಿಸಲು ಕಂಪ್ಯೂಟರ್ ಪ್ರೋಗ್ರಾಮಿಗೆ ಕಲಿಸುವ ಹಂತವಿದು. ಹೆಚ್ಚು ಅನಾಹುತವಾಗುವುದು ಇಲ್ಲಿ. ಒಬ್ಬ ರೋಗಿಯ ಪುಟ್ಟ ತುಣುಕಿನಿಂದಲೇ ಸಾವಿರಾರು ರೋಹಿತಗಳು ಬರುತ್ತವೆ. ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಕಲೆಸಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಎಂದು ಹಂಚಕೂಡದು. ಹಾಗೆ ಬಂದ ಅಂಕ ಪರೀಕ್ಷೆಯ ಅಂಕವೇ ಅಲ್ಲ, ಕಂಠಪಾಠದ್ದು. ರೋಗಿವಾರು ಹಂಚಿ. ಎರಡು ಆಸ್ಪತ್ರೆಗಳ ಸ್ಲೈಡ್ ಇದ್ದರೆ ಒಂದನ್ನು ಕೊನೆಯವರೆಗೆ ತೆರೆಯದೆ ಇಡಿ. ಕ್ಯಾನ್ಸರ್ ಸ್ಲೈಡ್‌ಗಳೆಲ್ಲ ಒಂದು ಲ್ಯಾಬಿನವು, ಆರೋಗ್ಯವಂತ ಅಂಗಾಂಶವೆಲ್ಲ ಇನ್ನೊಂದರದ್ದು ಎಂದಾದರೆ ಪ್ರೋಗ್ರಾಂ ಕಲಿಯುವುದು ರೋಗವನ್ನಲ್ಲ, ಲ್ಯಾಬಿನ ಇಯೋಸಿನ್ನನ್ನು.

ಬೇರೆ ಕಡೆಯ ಯಶಸ್ಸನ್ನು ಎರವಲು ತರಬೇಡಿ. 2005ರಲ್ಲಿ ರೋಹಿತ್ ಭಾರ್ಗವ, ಇರಾ ಲೆವಿನ್ ಮತ್ತು ಸಂಗಡಿಗರು ನೇಚರ್ ಬಯೋಟೆಕ್ನಾಲಜಿಯಲ್ಲಿ ಪ್ರಕಟಿಸಿದ್ದು ಪ್ರಾಸ್ಟೇಟ್ ಕುರಿತೇ, ಆದರೆ ಬಣ್ಣವಿಲ್ಲದ ಅಂಗಾಂಶ. 2017ರಲ್ಲಿ ಮ್ಯಾಂಚೆಸ್ಟರ್ ತಂಡ ಗಾಜಿನ ಮೇಲಿನ ಬಣ್ಣದ ಸ್ಲೈಡ್‌ಗಳಲ್ಲಿ ಇಂಥ ವರ್ಗೀಕರಣ ಸಾಧ್ಯವೆಂದು ತೋರಿಸಿತು, ಆದರೆ ಸ್ತನದ ಅಂಗಾಂಶದಲ್ಲಿ. ಬಣ್ಣದ ಪ್ರಾಸ್ಟೇಟ್‌ಗೆ ಬಣ್ಣದ ಪ್ರಾಸ್ಟೇಟ್‌ನಿಂದಲೇ ಕಲಿಸಬೇಕು.

ಎಪಿಥೀಲಿಯಂ ಯಾವುದು, ಸ್ಟ್ರೋಮಾ ಯಾವುದು ಎಂದು ಗುರುತು ಹಾಕುವುದು ಪೆಥಾಲಜಿಸ್ಟರ ಕೆಲಸ, ನಿಮ್ಮದಲ್ಲ. ಬೇಸಲ್ ಕೋಶಗಳ ಪದರದ ವಿಷಯದಲ್ಲಿ ವಿಶೇಷ ಎಚ್ಚರ ಇರಲಿ: ಅದು ಮಾಯವಾಗುವುದು ಕ್ಯಾನ್ಸರಿನ ದೊಡ್ಡ ಸುಳಿವು, ಆದರೆ ಪದರ ಎಷ್ಟು ತೆಳುವೆಂದರೆ ಐದಾರು ಮೈಕ್ರಾನ್ ಪಿಕ್ಸೆಲ್‌ನಲ್ಲಿ ಪಕ್ಕದ ಕೋಶವೂ ಬೆರೆತುಬಿಡುತ್ತದೆ. ರಕ್ತ, ನಜ್ಜುಗುಜ್ಜಾದ ಅಂಚು ಎದುರಾದಾಗ ‘ಗೊತ್ತಿಲ್ಲ’ ಎನ್ನುವ ಅವಕಾಶವನ್ನು ಪ್ರೋಗ್ರಾಮಿಗೆ ಕೊಡಿ.

ಒಂದೊಂದು ಪಿಕ್ಸೆಲ್‌ಗೆ ಕ್ಯಾನ್ಸರಿನ ದರ್ಜೆ ಹೇಳುವ ಗ್ಲೀಸನ್ ಅಂಕ ಹಚ್ಚಬೇಡಿ. 1966ರಲ್ಲಿ ಡೊನಾಲ್ಡ್ ಗ್ಲೀಸನ್ ಕಟ್ಟಿದ ಆ ಪದ್ಧತಿ ನೋಡುವುದು ಗ್ರಂಥಿಗಳ ಆಕಾರ, ಜೋಡಣೆಯನ್ನು.

ಬಣ್ಣಬಣ್ಣದ ಸಂಶೋಧನಾ ನಕ್ಷೆ ರೋಗಿಯ ವರದಿಗೆ ಸೇರಕೂಡದು. ಅಳತೆ ಮುಗಿದ ಮೇಲೆ ಹೊಸ ಕವರ್‌ಸ್ಲಿಪ್ ಹಾಕಿ, ಸ್ಲೈಡ್ ಸಂಖ್ಯೆ ತಾಳೆ ನೋಡಿ, ರಿಜಿಸ್ಟರಿನಲ್ಲಿ ಸಹಿ ಪಡೆದೇ ಪೆಥಾಲಜಿ ವಿಭಾಗಕ್ಕೆ ಒಪ್ಪಿಸಿ.